ಕೊನೆಯ ಯಾನಕ್ಕೆ ಬೇರೆ ಬಾವುಟ

ಮಡಿಕೇರಿ ಸಮೀಪದ ನಮ್ಮ ತೋಟದ ಹೋಂಸ್ಟೇಗೆ ನನ್ನ ತಮ್ಮ ಹೊಸದಾಗಿ ಕೂರಿಸಿದ ಹಿತ್ತಾಳೆ ಚೌಕಟ್ಟಿನ ದುಂಡು ಕಿಟಕಿಯ ಫೋಟೊವನ್ನು ಇಲ್ಲಿ ರಾಟರ್‌ಡ್ಯಾಮಿನಲ್ಲಿ ಪಕ್ಕದ ಮನೆಯ ಹಿರಿಯರಿಗೆ ತೋರಿಸಿದೆ. ಬಂದರಿನ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಅವರು ಅದು ಹಡಗಿನದೆಂದು ಕೂಡಲೇ ಗುರುತಿಸಿ, "ತಮಗೆ ಬೇಕೆಂದೇ ಅಲ್ಲವೇ ನಿಮ್ಮವರು ನಮ್ಮ ಹಳೆಯ ಹಡಗುಗಳನ್ನು ಕೊಳ್ಳುವುದು?" ಎಂದರು. ಮಾತಿನಲ್ಲಿ ಕುಹಕವಿರಲಿಲ್ಲ, ಆದರೂ ಚುಚ್ಚಿತು.

ಬೇಕು, ನಿಜ. 1983ರಿಂದ ಗುಜರಾತಿನ ಅಲಂಗ್ ದಡದಲ್ಲಿ ಹಡಗುಗಳನ್ನು ಉಬ್ಬರದ ನೀರಿನಲ್ಲಿ ದಡಕ್ಕೆ ನುಗ್ಗಿಸಿ ಒಡೆಯಲಾಗುತ್ತಿದೆ. ಉಕ್ಕು ಮಿಲ್ಲಿಗೆ ಹೋಗುತ್ತದೆ, ಕುರ್ಚಿ, ಪಿಂಗಾಣಿ, ಕಿಟಕಿಗಳು ರಸ್ತೆ ಬದಿಯ ಅಂಗಡಿಗೆ ಬರುತ್ತವೆ. ಕಲ್ನಾರು, ಎಣ್ಣೆಯ ರಾಡಿ ಮತ್ತು ವಿಷದ ಬಣ್ಣ ಮಾತ್ರ ಗ್ಯಾಸ್ ಕಟರ್ ಹಿಡಿದ ವಲಸೆ ಕಾರ್ಮಿಕರ ಪಾಲಿಗೆ.

ಆದರೆ ಮಾರುವವರೂ ಇದ್ದಾರಲ್ಲ! 2012ರಲ್ಲಿ ತನ್ನ ಹಡಗುಗಳನ್ನು ಒಡೆಯಲೆಂದೇ ಯುರೋಪಿನಿಂದ ಹೊರಗೆ ಸಾಗಿಸಿದ ಕಂಪನಿಯೊಂದಕ್ಕೆ ಇದೇ ರಾಟರ್‌ಡ್ಯಾಮಿನ ನ್ಯಾಯಾಲಯ 2018ರಲ್ಲಿ ದಂಡ ವಿಧಿಸಿತು. ಅದೇ ವರ್ಷದ ಕೊನೆಯಿಂದ ಐರೋಪ್ಯ ಒಕ್ಕೂಟದ ದೇಶವೊಂದರ ಬಾವುಟ ಹೊತ್ತ, ಅಂದರೆ ಅಲ್ಲಿ ನೋಂದಣಿಯಾದ, ದೊಡ್ಡ ಹಡಗು ಒಡೆಯಲು ಒಕ್ಕೂಟದ ಪಟ್ಟಿಯಲ್ಲಿರುವ ಯಾರ್ಡಿಗೇ ಹೋಗಬೇಕೆಂಬ ನಿಯಮ ಬಂದಿದೆ. ತಪ್ಪಿಸಿಕೊಳ್ಳುವುದು ಸುಲಭ: ನಡುವೆ ಒಬ್ಬ ದಲ್ಲಾಳಿ ನಗದು ಕೊಟ್ಟು ಹಡಗನ್ನು ಕೊಳ್ಳುತ್ತಾನೆ, ಹೆಸರು ಬದಲಾಗುತ್ತದೆ, ಕೊಮೊರೊಸ್ ಅಥವಾ ಪಲಾವ್‌ನಂಥ ದ್ವೀಪರಾಷ್ಟ್ರದ ಬಾವುಟ ಏರುತ್ತದೆ.

ಕೊಡಗಿನಲ್ಲಿ ಸ್ವಂತ ತೋಟದ ಬೀಟೆ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ದಿಮ್ಮಿಯ ಉದ್ದ, ಸುತ್ತಳತೆ ಬರೆದುಕೊಂಡು, ಕಡಿದ ಮುಖಕ್ಕೆ ಸುತ್ತಿಗೆಯ ಗುರುತು ಹೊಡೆದು ಪರ್ಮಿಟ್ ಕೊಡುತ್ತಾರೆ. ಸಂಪಾಜೆ ಗೇಟಿನಲ್ಲಿ ಲಾರಿ ನಿಲ್ಲಿಸಿ ಅದನ್ನೇ ನೋಡುತ್ತಾರೆ. ರಾತ್ರಿ ಹೊತ್ತು ಗೇಟು ದಾಟುವ ಲಾರಿಗಳ ಸಂಗತಿ ನಮಗೆಲ್ಲ ಗೊತ್ತಿರುವುದೇ. ಹಾಗಿದ್ದರೂ ತನಿಖೆ ಬಿಗಿಯಾಗಿದ್ದರೆ ಲಾರಿ ಯಾರದ್ದೇ ಆಗಲಿ, ದಿಮ್ಮಿಯನ್ನು ಅದರ ಬೊಡ್ಡೆಗೆ ತಾಳೆ ಹಾಕಿ ಹಿಡಿಯಬಹುದು. ಹಡಗಿನ ಕಾನೂನು ಬಾವುಟವನ್ನು ನೋಡುತ್ತದೆಯೇ ಹೊರತು ಬೊಡ್ಡೆಯನ್ನಲ್ಲ.

ನಮ್ಮ ದೇಶ 2019ರಲ್ಲಿ ಹಡಗು ಮರುಬಳಕೆ ಕಾಯ್ದೆ ತಂದು ಹಡಗು ಒಡೆಯುವ ಬಗೆಗಿನ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದವನ್ನೂ ಸೇರಿತೆಂದು ಹಿರಿಯರಿಗೆ ಹೆಮ್ಮೆಯಿಂದಲೇ ಹೇಳಿದೆ. 2025ರ ಜೂನ್ 26ರಂದು ಜಾರಿಗೆ ಬಂದ ಆ ಒಪ್ಪಂದದಂತೆ ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಇರಬೇಕು, ಪ್ರತಿ ಹಡಗಿಗೂ ಒಡೆಯುವ ಯೋಜನೆ ಸಿದ್ಧವಾಗಬೇಕು. ಆದರೆ ದಡಕ್ಕೆ ನುಗ್ಗಿಸಿ ಒಡೆಯುವ ಪದ್ಧತಿಯನ್ನು ಅದು ನಿಷೇಧಿಸಿಲ್ಲ. ಪಟ್ಟಿಯನ್ನು ಹಡಗಿನೊಳಗೆ ಇಳಿದು ಪರಿಶೀಲಿಸುವ ಅಧಿಕಾರಿ ಇಲ್ಲದಿದ್ದರೆ ಅದೂ ಬರೀ ಕಾಗದ.

ಒಕ್ಕೂಟದ ಬಂದರಿಗೆ ಬರುವ ಪ್ರತಿ ಹಡಗಿನಿಂದಲೂ ಶುಲ್ಕ ಪಡೆದು ನಿಧಿಯಲ್ಲಿಟ್ಟು, ಸರಿಯಾದ ಯಾರ್ಡಿನಲ್ಲಿ ಒಡೆಸಿದರೆ ಮಾತ್ರ ಆ ಹಣ ಮಾಲೀಕನ ಕೈಸೇರುವಂತೆ ಮಾಡುವ ಯೋಚನೆಯನ್ನು ಐರೋಪ್ಯ ಆಯೋಗ 2016ರಲ್ಲಿ ಅಧ್ಯಯನ ಮಾಡಿಸಿತ್ತು. ಬಾವುಟ ಯಾವುದಾದರೂ ಹಣ ಕಟ್ಟಲೇಬೇಕಾದ್ದರಿಂದ ನನಗೆ ಇದೇ ಸರಿಯೆನಿಸುತ್ತದೆ. ನಿಜವಾದ ಮಾಲೀಕ ಯಾರೆಂದು ಪತ್ತೆಹಚ್ಚುವುದು ಕಷ್ಟವಲ್ಲವೇ ಎಂದು ಹಿರಿಯರನ್ನು ಕೇಳಿದೆ. ತಮ್ಮ ಕಚೇರಿಯಿಂದ ಹೋದ ಬಂದರು ಬಾಡಿಗೆಯ ಬಿಲ್ಲು ಯಾರಿಗೂ ತಲುಪದೆ ಹಿಂದಿರುಗಿದ್ದನ್ನು ತಾವು ಕಂಡಿಲ್ಲ ಎಂದರು.