ಜ್ವರ ಬಂದವನು ಬಂಕ್ ಮಾಡಲಾರ

ಕಾರವಾರದಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡೋದು ಕಲಿಸುತ್ತೇನೆ. ಬರುವವರಲ್ಲಿ ಗೋವಾದ ಹೋಟೆಲಿಗೋ ಹಡಗಿನ ಕೆಲಸಕ್ಕೋ ಹೋಗಬೇಕೆಂದಿರುವ ಹುಡುಗ ಹುಡುಗಿಯರೇ ಜಾಸ್ತಿ. ಮೊನ್ನೆ ರಜಾ ಅರ್ಜಿ ಬರೆಸಿದೆ. ಒಬ್ಬ ಬರೆದಿದ್ದ: 'ಐ ಬಂಕ್ಡ್ ಯುವರ್ ಕ್ಲಾಸ್ ಡ್ಯೂ ಟು ಫೀವರ್.'

ಜ್ವರ ಬಂದವನು ಬಂಕ್ ಮಾಡೋದು ಹೇಗೆ ಮಾರಾಯ? ಬಂಕ್ ಮಾಡಲು ಆರೋಗ್ಯ ಚೆನ್ನಾಗಿರಬೇಕು. ಬರಬಹುದಾಗಿತ್ತು, ಬೇಕಂತಲೇ ಬರಲಿಲ್ಲ ಅಂದರೆ ಮಾತ್ರ ಅದು ಬಂಕ್. ಜ್ವರಕ್ಕೆ 'ಮಿಸ್ಡ್' ಸಾಕು. ಹುಡುಗ ಒಪ್ಪಲಿಲ್ಲ. 'ಅಕ್ಕೋರೆ, ಎಲ್ಲರೂ ಹಂಗೇ ಹೇಳ್ತಾರಲ್ಲ' ಅಂದ. ಎಲ್ಲರೂ ಹೇಳುವುದು ನಿಜ. ಆದರೆ ಆ ಎಲ್ಲರೂ ಇರುವುದು ನಮ್ಮ ದೇಶದಲ್ಲಿ.

ಬ್ರಿಟನ್ನಿನಲ್ಲಿ ಇದು 'ಬಂಕ್ ಆಫ್'. ಶಾಲೆಯಿಂದಲೋ ಕೆಲಸದಿಂದಲೋ ಹೇಳದೆ ಜಾರಿಕೊಳ್ಳುವುದು. 'ಡು ಎ ಬಂಕ್' ಅಂದರೆ ಓಡಿಹೋಗುವುದು, ಪರಾರಿ. ಇದು 19ನೇ ಶತಮಾನದಿಂದಲೂ ಇರುವ ಆಡುಮಾತು. ನಾವು ಆ 'ಆಫ್' ತೆಗೆದುಹಾಕಿ ಬಂಕನ್ನು ನೇರವಾಗಿ ಕ್ಲಾಸಿನ ಮೇಲೆ ಕೂರಿಸಿದೆವು. ಜೊತೆಗೆ 'ಮಾಸ್ ಬಂಕ್' ಎಂಬ ಸಾಮೂಹಿಕ ಸತ್ಯಾಗ್ರಹವನ್ನೂ ಹುಟ್ಟುಹಾಕಿದೆವು. ಬಾರದ ಗೆಳೆಯನ ಹಾಜರಿ ಕೂಗುವ ಪ್ರಾಕ್ಸಿ, ಹಾಜರಿ ಕಡಿಮೆ ಬೀಳುವ ಶಾರ್ಟೇಜ್ ಎಲ್ಲ ಅದರ ಬಂಧುಬಳಗ. ಶೇಕಡಾ 75 ಹಾಜರಿ ಬೇಕೆಂಬ ನಿಯಮ ಇರುವಲ್ಲಿ ಇಂಥ ಮಾತುಗಳು ಬೆಳೆಯದೆ ಇನ್ನೇನು? ಇದನ್ನು ತಪ್ಪು ಇಂಗ್ಲಿಷ್ ಅಂತ ನಾನು ಹೇಳುವುದಿಲ್ಲ. ಕೋಟಿಗಟ್ಟಲೆ ಜನಕ್ಕೆ ಅರ್ಥವಾಗುವ ಮಾತು ತಪ್ಪು ಹೇಗಾದೀತು?

ತೊಂದರೆ ಬರುವುದು ಹೊರಗೆ ಹೋದಾಗ. 'ಐ ಬಂಕ್ಡ್ ವಿತ್ ತ್ರೀ ಫ್ರೆಂಡ್ಸ್' ಎಂದು ನಮ್ಮ ಹುಡುಗ ಹೇಳುತ್ತಾನೆ ಅಂತಿಟ್ಟುಕೊಳ್ಳಿ. ಅವನ ಪ್ರಕಾರ ಮೂವರ ಜೊತೆ ಕಾಲೇಜು ತಪ್ಪಿಸಿ ಟಾಗೋರ್ ಬೀಚಿಗೆ ಹೋಗಿದ್ದು. ಅಮೆರಿಕದವನಿಗೆ ಕೇಳಿಸುವುದು ಬೇರೆ: ಮೂವರ ಜೊತೆ ಒಂದೇ ಕೋಣೆಯಲ್ಲಿ ಮಲಗಿದೆ. ಹಡಗಿನಲ್ಲಂತೂ ಬಂಕ್ ಅಂದರೆ ಗೋಡೆಗೆ ಅಂಟಿಕೊಂಡ ಮಲಗುವ ಹಲಗೆ. ಇನ್ನು ನಮ್ಮಲ್ಲಿ ಬಂಕ್ ಅಂದರೆ ಪೆಟ್ರೋಲ್ ಹಾಕಿಸುವ ಜಾಗ. 'ಬಂಕ್ ಮಾಡಿ ಬಂಕಿನ ಹತ್ರ ನಿಂತಿದ್ದೆ' ಎಂಬ ವಾಕ್ಯ ಕಾರವಾರದಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಲಂಡನ್ನಿನಲ್ಲಿ ಹೇಳಿ ನೋಡಿ.

ಹಾಗಾದರೆ ಅಲ್ಲಿ ಏನು ಹೇಳಬೇಕು? ಸುಮ್ನೆ 'ಸ್ಕಿಪ್' ಅನ್ನಿ, ಎಲ್ಲ ಕಡೆ ನಡೆಯುತ್ತದೆ. ಊಟವನ್ನೂ ಸ್ಕಿಪ್ ಮಾಡಬಹುದು, ಮೀಟಿಂಗನ್ನೂ ಮಾಡಬಹುದು. ಅಮೆರಿಕದ ಮಕ್ಕಳು ಕ್ಲಾಸನ್ನು 'ಕಟ್' ಮಾಡುತ್ತಾರೆ, 'ಡಿಚ್' ಮಾಡುತ್ತಾರೆ. ಅಲ್ಲಿನ ಹಿರಿಯರು 'ಪ್ಲೇ ಹುಕಿ' ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 'ವ್ಯಾಗ್', ಐರ್ಲೆಂಡ್ ಮತ್ತು ವೇಲ್ಸ್‌ನಲ್ಲಿ 'ಮಿಚ್'. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಕೇಳಿದಾಗ ಗುರುತು ಸಿಕ್ಕರೆ ಸಾಕು.

ನನಗೆ ಇಷ್ಟವಾದದ್ದು 'ಸ್ಕೈವ್'. ಇದೂ ಬ್ರಿಟಿಷರದ್ದೇ. ಕ್ಲಾಸಿಗೆ ಬರದವನಿಗೂ ಹೇಳಬಹುದು, ಕೆಲಸಕ್ಕೆ ಬಂದೂ ಕೆಲಸ ಮಾಡದವನಿಗೂ ಹೇಳಬಹುದು. ನಮ್ಮ ಮೈಗಳ್ಳನ ಹತ್ತಿರದ ಸಂಬಂಧಿ. ಮದುವೆ ಮನೆಯಲ್ಲಿ ಬಡಿಸುವ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಅಂಗಳಕ್ಕೆ ಇಳಿಯುವ ಭಾವಂದಿರು ಎಲ್ಲರ ಮನೆಯಲ್ಲೂ ಇದ್ದಾರಲ್ಲ, ಅವರು ಮಾಡುವುದು ಸ್ಕೈವ್. ಅದು ಬಂಕ್ ಅಲ್ಲ, ಯಾಕೆಂದರೆ ಊಟಕ್ಕೆ ಹಾಜರಿರುತ್ತಾರೆ.

'ಟ್ರುಯಂಟ್' ಮಾತ್ರ ಗಂಭೀರ. ಹಳೆಯ ಫ್ರೆಂಚಿನಲ್ಲಿ ಭಿಕ್ಷೆ ಬೇಡುತ್ತ ಅಲೆಯುವವನಿಗೆ ಹಾಗೆ ಹೇಳುತ್ತಿದ್ದರಂತೆ. ಈಗ ಅದು ಹೇಳದೆ ಶಾಲೆ ತಪ್ಪಿಸುವವನಿಗೆ ಶಾಲೆಯ ಪತ್ರಗಳಲ್ಲಿ, ಅಧಿಕಾರಿಗಳ ಬಾಯಲ್ಲಿ ಬರುವ ಮಾತು. ಯಾವ ಹುಡುಗನೂ ಗೆಳೆಯನಿಗೆ 'ಬಾ, ಟ್ರುಯಂಟ್ ಆಗೋಣ' ಅನ್ನುವುದಿಲ್ಲ. ಬಂಕ್ ಎನ್ನುವುದು ಮಾಡಿದವನ ಮಾತು, ಅದರಲ್ಲಿ ಸ್ವಲ್ಪ ಜಂಬ ಇದೆ. ಟ್ರುಯಂಟ್ ಹಿಡಿದವನ ಮಾತು. ನಮ್ಮಲ್ಲೂ 'ಚಕ್ಕರ್ ಹೊಡೆದೆ' ಎಂದು ಹುಡುಗ ನಗುತ್ತಾನೆ, 'ಗೈರುಹಾಜರಿ' ಎಂದು ಕಚೇರಿ ಬರೆಯುತ್ತದೆ.

ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ಅವಳ ಅಪ್ಪ ನೌಕಾನೆಲೆಯಲ್ಲಿದ್ದಾರೆ. 'ಅಪ್ಪ ಏವಾಲ್ ಅಂತಾರೆ' ಅಂದಳು. ಆಬ್ಸೆಂಟ್ ವಿದೌಟ್ ಲೀವ್, ಅದರ ಮೊದಲಕ್ಷರಗಳು. ಊರಲ್ಲಿ ಐಎನ್‌ಎಸ್ ಕದಂಬ ಇದ್ದ ಮೇಲೆ ಇದೂ ನಮ್ಮ ಪಟ್ಟಿಗೆ ಸೇರಬೇಕು. ಕಾಲೇಜಿನಲ್ಲಿ ತಮಾಷೆಗೆ ಬಳಸಿದರೂ ಸೇನೆಯಲ್ಲಿ ಅದು ಅಪರಾಧ, ಶಿಕ್ಷೆಯಾಗುತ್ತದೆ.

ಕೊನೆಗೆ ಶಿರಸಿಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವ ಹುಡುಗನ ಪ್ರಶ್ನೆ. 'ಮಾರಿಕಾಂಬಾ ಜಾತ್ರೆಗೆ ಊರಿಗೆ ಹೋದರೆ ಯಾವುದು ಹಾಕಬೇಕು ಅಕ್ಕೋರೆ?' ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. 'ಟುಕ್ ಲೀವ್' ಅಂತ ಬರಿ, ಮೊದಲೇ ಕೇಳಿ ಹೋಗು ಅಂದೆ. 'ಕೇಳಿದರೆ ಕೊಡ್ತೀರಾ?' ಅಂದ. ಕೊಡುತ್ತೇನೆ, ಆದರೆ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು.