ಅನ್ನಪೂರ್ಣಾ ಸುತ್ತು ಮುಗಿಯುವ ಹೊತ್ತಿಗೆ

ನೇಪಾಳದ ಅನ್ನಪೂರ್ಣಾ ಪರ್ವತಗಳನ್ನು ಸುತ್ತುವ ಚಾರಣದ ದಾರಿ, ಅನ್ನಪೂರ್ಣಾ ಸರ್ಕ್ಯೂಟ್‌ನಲ್ಲಿ ಮಂಗಳೂರಿನವರಿಗೆ ಕೈಕೊಡುವುದು ಕಾಲಲ್ಲ, ಎತ್ತರದ ತೆಳು ಗಾಳಿಗೆ ನೋಯುವ ತಲೆ. ಕಡಲ ಮಟ್ಟದಲ್ಲಿ ಬೆಳೆದ ದೇಹಕ್ಕೆ ಕುದುರೆಮುಖ ಹತ್ತಿದ್ದು ಇಲ್ಲಿ ಲೆಕ್ಕಕ್ಕಿಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಸುಮಾರು 3500 ಮೀಟರ್ ಎತ್ತರದ ಮನಾಂಗ್‌ನಲ್ಲಿ ಎರಡು ರಾತ್ರಿ ಉಳಿಯಲೇಬೇಕು. ತಲೆನೋವಿನ ಜೊತೆ ವಾಂತಿಯೋ ತೂರಾಟವೋ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಇಳಿಯಿರಿ. ದಾರಿಯ ಅತಿ ಎತ್ತರದ ಘಟ್ಟ, 5416 ಮೀಟರಿನ ಥೊರಾಂಗ್ ಲಾ, ಎಲ್ಲಿಗೂ ಓಡಿಹೋಗುವುದಿಲ್ಲ.

ಆಚೆ ಇಳಿದರೆ ಬೇರೆಯೇ ಲೋಕ. ಪರ್ವತದ ದಕ್ಷಿಣಕ್ಕಿರುವ ಪೋಖರಾ ನಗರದಲ್ಲಿ ನಮ್ಮೂರಿನಂತೆಯೇ ಸುರಿಯುವ ಮುಂಗಾರು, ಪರ್ವತದ ಗೋಡೆಗೆ ತಾಗಿ ಅಲ್ಲೇ ಖಾಲಿಯಾಗುತ್ತದೆ. ಅದರಾಚೆಯ ಜೊಮ್ಸೊಮ್ ಪಟ್ಟಣಕ್ಕೆ ಉಳಿಯುವುದು ಗಾಳಿ ಮಾತ್ರ. ಬಿಸಿಲಿಗೆ ಉತ್ತರದ ಎತ್ತರದ ಪ್ರದೇಶವಾದ ಮೇಲಿನ ಮುಸ್ತಾಂಗ್ ಕಾದಂತೆ ಕಣಿವೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನ ನಡೆದರೆ ಬಾಯಿ ತುಂಬ ಧೂಳು. ಹಾಗಾಗಿ ಜೊಮ್ಸೊಮ್ ವಿಮಾನಗಳು ಬೆಳಗ್ಗೆಯಷ್ಟೇ ಹಾರುತ್ತವೆ, ರದ್ದಾಗುವುದೂ ಮಾಮೂಲು. ಊರಿನ ಟಿಕೆಟ್‌ಗೆ ಮುಂಚೆ ಎರಡು ದಿನ ಕೈಯಲ್ಲಿರಲಿ.

ಉಡುಪಿಯವರು ಈ ಕಣಿವೆಯ ಕಾಳಿಗಂಡಕಿ ನದಿಯ ಪಾತ್ರದಲ್ಲಿ ಸ್ವಲ್ಪ ನಿಲ್ಲಬೇಕು. ಸಾಲಿಗ್ರಾಮ ಬರುವುದು ಇಲ್ಲಿಂದಲೇ: ಒಡೆದ ಕರಿಗಲ್ಲಿನೊಳಗೆ ಏಣು ಏಣಾದ ಸುರುಳಿ, ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮುನ್ನ ಇಲ್ಲಿಯೂ ಸಮುದ್ರವಿತ್ತು.

ಕುಚ್ಚಲಕ್ಕಿ ಹೊತ್ತು ಹೋಗಬೇಡಿ. ಮನಾಂಗ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಯುವುದಿಲ್ಲ. ದಾಲ್‌ಭಾತ್ ತಿನ್ನಿ, ಮತ್ತೆ ಮತ್ತೆ ಬಡಿಸುತ್ತಾರೆ.