ಯಮದೂತರಿಗೆ ಮೂರು ಬಟ್ಟಲು ಅನ್ನ

ಶಿವಮೊಗ್ಗದಿಂದ ಅಕ್ಕನ ಮಗಳ ಫೋನು. "ಮಾಮ, ಬರುವಾಗ ಆ ನೀಲಿ ಹುಲಿ ತಗೊಂಡ್ಬಾ. ಟೋಪಿ ಹಾಕ್ಕೊಂಡಿರೋ ಹಕ್ಕೀನೂ ಬೇಕು." ಯಾವ ಹುಲಿ, ಯಾವ ಹಕ್ಕಿ ಅಂತ ಕೇಳಬೇಕಾದ್ದೇ ಇರಲಿಲ್ಲ. 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಕೆ-ಪಾಪ್ ಡೀಮನ್ ಹಂಟರ್ಸ್' ಬಂದಾಗಿನಿಂದ ಇಲ್ಲಿ ದಕ್ಷಿಣ ಕೊರಿಯಾದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಅವೆರಡೇ. ಸಿನಿಮಾ ಮಾಡಿದ್ದು ಅಮೆರಿಕದ ಸ್ಟುಡಿಯೊ. ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಮ್ಯಾಗಿ ಕಾಂಗ್ ಸೋಲ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು. ಊರು ಬಿಟ್ಟವರಿಗೇ ಊರಿನ ಕತೆ ಹೆಚ್ಚು ಕಾಡುತ್ತದೋ ಏನೋ.

ಹುಲಿ-ಹಕ್ಕಿಯ ಜೋಡಿ ಹೊಸದಲ್ಲ. ಜೊಸೊನ್ ಅರಸರ ಕಾಲದ ಕೊನೆಕೊನೆಗೆ ಸಾಮಾನ್ಯ ಜನ ಹೊಸವರ್ಷಕ್ಕೆ ಮನೆಯಲ್ಲಿ ತೂಗುಹಾಕುತ್ತಿದ್ದ ಚಿತ್ರ ಅದು. ಹುಲಿ ಪೀಡೆ ಓಡಿಸುತ್ತದೆ, ಪೈನ್ ಮರದ ಮೇಲಿನ ಕಪ್ಪು-ಬಿಳಿ 'ಕಾಚಿ' ಒಳ್ಳೆ ಸುದ್ದಿ ತರುತ್ತದೆ. ಬೆಳಿಗ್ಗೆ ಕಾಚಿ ಕೂಗಿದರೆ ನೆಂಟರು ಬರುತ್ತಾರೆ ಅನ್ನುವ ಮಾತು ಕೇಳಿ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಆ ಕೆಲಸ ಕಾಗೆಯದು. ಆದರೆ ಚಿತ್ರದ ಹುಲಿಯನ್ನು ನೋಡಬೇಕು: ಮೆಳ್ಳಗಣ್ಣು, ಪೆದ್ದು ನಗು, ಕಾವಲು ಕಾಯೋದಿರಲಿ, ತಾನೇ ದಾರಿ ತಪ್ಪಿ ಬಂದ ಹಾಗೆ. ದರ್ಪದ ದೊರೆಗಳನ್ನು ಗೇಲಿ ಮಾಡಲು ಹಾಗೆ ಬರೆದರು ಅಂತ ಹೇಳುವವರಿದ್ದಾರೆ. ಆ ಜೋಡಿಯ ಬ್ಯಾಡ್ಜಿಗಾಗಿ ಸೋಲ್‌ನ ಯೊಂಗ್ಸಾನ್‌ನಲ್ಲಿರುವ ರಾಷ್ಟ್ರೀಯ ಮ್ಯೂಸಿಯಂಗೆ ಜನ ನುಗ್ಗಿದರು. 2025ರಲ್ಲಿ ಮೊದಲ ಸಲ ಅಲ್ಲಿಗೆ ಬಂದವರ ವರ್ಷದ ಲೆಕ್ಕ 50 ಲಕ್ಷ ದಾಟಿತು.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಹುಲಿಯಲ್ಲ, ಸಿನಿಮಾದ ಖಳರು. 'ಸಾಜಾ ಬಾಯ್ಸ್' ಅಂತ ಐದು ಜನ ಚೆಲುವರ ಹಾಡುವ ತಂಡ, ಒಳಗೆ ದೆವ್ವಗಳು. 'ಸಾಜಾ' ಅಂದರೆ ಕೊರಿಯನ್‌ನಲ್ಲಿ ಸಿಂಹ. ದೂತ ಅಂತಲೂ ಹೌದು. ಪ್ರಾಣ ಒಯ್ಯಲು ಬರುವವನು 'ಜೊಸುಂಗ್ ಸಾಜಾ', ಪರಲೋಕದ ದೂತ. ಕೊನೆಯಲ್ಲಿ ಐವರೂ ಕಪ್ಪು ನಿಲುವಂಗಿ, ಅಗಲ ಅಂಚಿನ ಕಪ್ಪು 'ಗತ್' ಟೋಪಿ ಹಾಕಿಕೊಂಡು ವೇದಿಕೆಗೆ ಬರುತ್ತಾರೆ. ಇಲ್ಲಿನವರಿಗೆ ವಿವರಣೆ ಬೇಡ, ನೋಡಿದ ಕೂಡಲೇ ಗೊತ್ತು. ನನಗೂ ಗೊತ್ತಾಗಬೇಕಿತ್ತು, ಯಾಕೆಂದರೆ ಈ ದೂತರ ಯಜಮಾನ ನಮ್ಮವನೇ. ಅವನ ಹೆಸರು 'ಯೊಮ್ನಾ'. ನಮ್ಮ ಯಮರಾಜ ಬೌದ್ಧರ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು, ಹೀಗಾಗಿದ್ದಾನೆ. ಕೋಣವನ್ನು ದಾರಿಯಲ್ಲೆಲ್ಲೋ ಬಿಟ್ಟು, ಸತ್ತವರ ವಿಚಾರಣೆ ಮಾಡುವ ಹತ್ತು ರಾಜರಲ್ಲಿ ಒಬ್ಬನಾಗಿ ಕೂತಿದ್ದಾನೆ. 2017ರಲ್ಲಿ ಸತ್ತವನೊಬ್ಬನನ್ನು 49 ದಿನದಲ್ಲಿ ಏಳು ವಿಚಾರಣೆಗೆ ನಿಲ್ಲಿಸುವ ಸಿನಿಮಾ ಬಂತು. ಐದು ಕೋಟಿ ಚಿಲ್ಲರೆ ಜನರ ದೇಶದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋಯಿತು. ಅದರಲ್ಲೂ ಯೊಮ್ನಾ ಇದ್ದಾನೆ, ಅವನ ಕೈಕೆಳಗೆ ಮೂವರು ದೂತರು.

ಈ ಮೂವರ ಲೆಕ್ಕ ಅರ್ಥವಾದದ್ದು ಸೋಲ್ ಹತ್ತಿರದ ಸುವೋನ್ ಊರಿನ ನಮ್ಮ ಮನೆ ಮಾಲೀಕರಿಂದ. ಎಂಬತ್ತರ ಹತ್ತಿರದ ಅಜ್ಜಿ. ನಾನು 'ಹಲ್ಮೊನಿ' ಅನ್ನುತ್ತೇನೆ, ಅವರಿಗೆ ನಾನು 'ಚೊಂಗಾಕ್', ಅಂದರೆ ಮದುವೆಯಾಗದ ಹುಡುಗ. ನವೆಂಬರ್‌ನಲ್ಲಿ ಕಿಮ್ಚಿ ಹಾಕುವ ದಿನ, ಅಂಗಳದಲ್ಲಿ ಉಪ್ಪು ನೀರಲ್ಲಿ ನೆನೆದ ಎಲೆಕೋಸಿನ ಪದರ ಪದರಕ್ಕೂ ಮೆಣಸಿನಪುಡಿಯ ಮಸಾಲೆ ಸವರುತ್ತ ಕೂತಿದ್ದೆವು. ಸಾಜಾ ಬಾಯ್ಸ್ ಮಾತು ತೆಗೆದೆ. ಅವರು ಕೆಂಪು ಗ್ಲೌಸಿನ ಕೈ ಎತ್ತಿ ಮೂರು ಬೆರಳು ತೋರಿಸಿದರು.

ಅಪ್ಪ ತೀರಿಕೊಂಡಾಗ ಅವರಿಗೆ ಹತ್ತು ವರ್ಷ, ಚುಂಗ್‌ಚೊಂಗ್ ಕಡೆಯ ಹಳ್ಳಿ. ದೊಡ್ಡಪ್ಪ ಅಪ್ಪನ ಅಂಗಿ ಹಿಡಿದು ಸೂರಿನ ಮೇಲೆ ಹತ್ತಿ ಹೆಸರು ಹಿಡಿದು ಮೂರು ಸಲ ಕೂಗಿದರಂತೆ, ವಾಪಸ್ ಬಾ ಅಂತ. ಬರಲಿಲ್ಲ. ಆಮೇಲೆ ಬಾಗಿಲಾಚೆ ಪುಟ್ಟ ಮೇಜಿಟ್ಟು ಮೂರು ಬಟ್ಟಲು ಅನ್ನ, ಮೂರು ಜೊತೆ ಹುಲ್ಲಿನ ಚಪ್ಪಲಿ, ಒಂದಿಷ್ಟು ಚಿಲ್ಲರೆ. ಬರುವ ದೂತರು ಮೂವರು, ದೂರದಿಂದ ನಡೆದು ಬಂದವರು. ಹೊಟ್ಟೆ ತುಂಬಿಸಿ, ಕಾಲಿಗೆ ಹೊಸ ಚಪ್ಪಲಿ ಕೊಟ್ಟರೆ ಅಪ್ಪನನ್ನು ದಾರಿಯಲ್ಲಿ ಗದರದೆ ಕರಕೊಂಡು ಹೋಗುತ್ತಾರೆ. ಲಂಚ ಅನ್ನಿ, ಆತಿಥ್ಯ ಅನ್ನಿ. ಪಕ್ಕದಲ್ಲಿ ಒಂದು ಬಟ್ಟಲು ಸೋಯಾ ಸಾಸ್. ಅದ್ಯಾಕೆ ಅಂದೆ. ಉಪ್ಪುಪ್ಪಾದದ್ದು ತಿಂದು ಬಾಯಾರಿದರೆ, ಅರ್ಧ ದಾರಿಯಿಂದ ನೀರಿಗೆ ಅಂತ ತಿರುಗಿ ಬಂದಾರು, ಜೊತೆಗೆ ಅಪ್ಪನೂ ಒಂದು ಗಳಿಗೆ ಬಂದಾನು ಅಂತ.

"ಆ ಮೂವರೂ ಕಪ್ಪು ಗತ್ ಹಾಕಿರುತ್ತಾರೆ ಅಂತ ಆಗ ಹೇಳ್ತಿದ್ರಾ?" ಕೇಳಿದೆ.

ಹಲ್ಮೊನಿ ತಲೆ ಅಲ್ಲಾಡಿಸಿದರು. ಹಾಗೆ ಯಾರೂ ಅಂದದ್ದು ನೆನಪಿಲ್ಲ. ಗತ್ ಅಂದರೆ ಮರ್ಯಾದಸ್ಥ ಗಂಡಸರ ಟೋಪಿ, ಅವರ ತಾತನೂ ಹಾಕುತ್ತಿದ್ದರು. ಕುದುರೆ ಕೂದಲು, ಎಳೆಎಳೆಯಾಗಿ ಸೀಳಿದ ಬಿದಿರು ಸೇರಿಸಿ ಹೆಣೆದದ್ದು, ಬೆಳಕು ಹಾಯುವಷ್ಟು ತೆಳು. ಸಾವಿಗೂ ಅದಕ್ಕೂ ಏನು ಸಂಬಂಧ? "ಕಪ್ಪು ದೂತನನ್ನು ನಾನು ನೋಡಿದ್ದು ಟಿವಿಯಲ್ಲಿ. ಆಗಲೇ ಮಕ್ಕಳಿದ್ದರು, ಆದರೂ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡಿದ್ದೆ."

ಅಜ್ಜಿ ಹೇಳಿದ್ದು ನಿಜ. ಹಳೆಯ ಬೌದ್ಧ ಚಿತ್ರಗಳಲ್ಲಿ ಈ ದೂತರು ಬಣ್ಣಬಣ್ಣದ ಉಡುಪಿನ ಸರ್ಕಾರಿ ಸಿಪಾಯಿಗಳ ಹಾಗೆ, ಕೈಯಲ್ಲಿ ಓಲೆ ಹಿಡಿದು ನಿಂತಿರುತ್ತಾರೆ. ಬಿಳುಚಿದ ಮುಖ, ಕಪ್ಪು ಬಟ್ಟೆ, ಕಪ್ಪು ಗತ್ ಮನೆಮನೆಗೆ ಬಂದದ್ದು ಕೆಬಿಎಸ್ ವಾಹಿನಿ 1977ರಲ್ಲಿ ಶುರುಮಾಡಿದ ದೆವ್ವದ ಕತೆಗಳ ಧಾರಾವಾಹಿಯಿಂದ. 2016ರ 'ಗಾಬ್ಲಿನ್' ಧಾರಾವಾಹಿಯ ದೂತ ಗತ್ ಬಿಟ್ಟು ಇಂಗ್ಲಿಷ್ ಹ್ಯಾಟು ಹಾಕಿದ, ತೊಟ್ಟರೆ ಮಾಯವಾಗುವಂಥದ್ದು. ಅದು ಮಾತ್ರ ಅಜ್ಜಿಕತೆಯದೇ, ಮಾಯದ ಟೋಪಿ ಇಲ್ಲಿನ ತೊಕ್ಕೆಬಿ ದೆವ್ವದ ಆಸ್ತಿ. ಅಂತೂ ಅಕ್ಕನ ಮಗಳು ಪ್ರಾಚೀನ ಕೊರಿಯಾ ಅಂದುಕೊಂಡದ್ದರಲ್ಲಿ ಅರ್ಧ ನನ್ನ ಅಪ್ಪನಿಗಿಂತ ಚಿಕ್ಕದು. ಬೇಜಾರೇನೂ ಆಗಲಿಲ್ಲ. ನಮ್ಮ ಲಕ್ಷ್ಮಿ-ಸರಸ್ವತಿಯರಿಗೂ ಈಗಿನ ಮುಖ ಬಂದದ್ದು ರವಿವರ್ಮನ ಅಚ್ಚಿನ ಪಟಗಳಿಂದಲೇ ಅಲ್ಲವೇ.

ಕೈ ತೊಳೆದು ಬಂದು ಫೋನಿನಲ್ಲಿ ಸಾಜಾ ಬಾಯ್ಸ್ ಹಾಡು ಹಾಕಿ ತೋರಿಸಿದೆ. ಹಲ್ಮೊನಿ ಕನ್ನಡಕ ಏರಿಸಿ ಪೂರ್ತಿ ನೋಡಿದರು. ಇನ್ನೊಂದು ಸಲ ಹಾಕು ಅಂದರು.

"ಕರೆಯೋಕೆ ಇವರು ಬರ್ತಾರೆ ಅಂತಾದ್ರೆ, ಚೊಂಗಾಕ್, ನನ್ನ ಮಗನಿಗೆ ಒಂದು ಮಾತು ಹೇಳಿಬಿಡು. ಸೋಯಾ ಸಾಸ್ ಎರಡು ಬಟ್ಟಲು ಇಡಲಿ."

ಮತ್ತೆ ಗ್ಲೌಸು ಹಾಕಿಕೊಂಡು ಮುಂದಿನ ಕೋಸು ಎತ್ತಿಕೊಂಡರು. ಇನ್ನೂ ಹದಿನಾಲ್ಕು ಬಾಕಿ ಇದ್ದವು.